ಅಪ್‌ಡೇಟ್: ಕೆಲಸ ಬಿಡಲಿಲ್ಲ, ಮಾಡುವ ಕೆಲಸ ಬದಲಾಯಿತು

ಆರು ವರ್ಷ ಸಾಫ್ಟ್‌ವೇರ್ ಪರೀಕ್ಷಕಿಯಾಗಿ ದುಡಿದರೂ ಸಭೆಗಳಲ್ಲಿ ಬಾಯಿ ತೆರೆಯಲು ಅಳುಕುವ ನಾನು, ಉದ್ಯೋಗ ತೊರೆದು ಕನ್ನಡ ಎಂ.ಎ. ಸೇರಬಹುದೇ ಎಂದು ಐದು ತಿಂಗಳ ಹಿಂದೆ ನಿಮ್ಮನ್ನು ಕೇಳಿದ್ದೆ. ಹಳಗನ್ನಡ ಹಾಗೂ ಲಿಪಿಯ ಮೇಲಿನ ಒಲವು ಈಗಿನ ಕೆಲಸದಲ್ಲೇ ಎಲ್ಲಾದರೂ ಉಪಯೋಗಕ್ಕೆ ಬರುವುದೇ ಎಂದು ಮೊದಲು ಹುಡುಕಿ ನೋಡುವಂತೆ ಹಲವರು ಸೂಚಿಸಿದ್ದಿರಿ. ಆ ಮಾತು ಆಗ ತುಸು ಕಹಿಯೆನಿಸಿತ್ತು.

ಆದರೂ ನಮ್ಮ ಆ್ಯಪ್‌ನ ಕನ್ನಡ ಆವೃತ್ತಿಯನ್ನು ಪರೀಕ್ಷಿಸುವ ಹೊಣೆಯನ್ನು ಕೇಳಿ ಪಡೆದೆ. ಅದರಲ್ಲಿ ‘ರ‍್ಯಾಂಕ್’ ಎಂಬ ಪದವು ಅರ್ಕಾವತ್ತಿನೊಂದಿಗೆ ‘ರ್ಯಾಂಕ್’ ಎಂದು ಮೂಡುತ್ತಿತ್ತು. ರಕಾರಕ್ಕೂ ಹಲಂತಕ್ಕೂ (ವ್ಯಂಜನದ ಸ್ವರ ತೆಗೆಯುವ ಚಿಹ್ನೆ) ನಡುವೆ ಇರಬೇಕಾದ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯೂಜೆ (ಜೀರೋ ವಿಡ್ತ್ ಜಾಯ್ನರ್) ಎಂಬ ಸಂಕೇತವನ್ನು ನಮ್ಮದೇ ಪ್ರೋಗ್ರಾಮಿನ ಒಂದು ಭಾಗವು ಅನಗತ್ಯವೆಂದು ಅಳಿಸಿಹಾಕುತ್ತಿತ್ತೆಂದು ಪತ್ತೆಹಚ್ಚಲು ಎರಡು ದಿನ ಹಿಡಿಯಿತು. ತಪ್ಪು ಕಣ್ಣಿಗೆ ಬಿದ್ದದ್ದು ಲಿಪಿಯ ಮೇಲಿನ ಪ್ರೀತಿಯಿಂದ. ಅದರ ಮೂಲ ಸಿಕ್ಕಿದ್ದು, ಇಷ್ಟು ವರ್ಷ ಬೇಸರದಿಂದಲೇ ರೂಢಿಸಿಕೊಂಡಿದ್ದ, ದೋಷವನ್ನು ಹೆಜ್ಜೆಹೆಜ್ಜೆಯಾಗಿ ಬೆನ್ನಟ್ಟುವ ಅಭ್ಯಾಸದಿಂದ. (ಹಳಗನ್ನಡದ ‘ೞ’ ಅಕ್ಷರಕ್ಕೆ, ಕಂಪ್ಯೂಟರಿನಲ್ಲಿ ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ನೀಡುವ ಯೂನಿಕೋಡ್‌ನಲ್ಲಿ ‘ಎಫ್‌ಎ’ (FA) ಎಂಬ ತಪ್ಪು ಹೆಸರು ಅಂಟಿಕೊಂಡಿದೆ, ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅಲ್ಲಿನ ನಿಯಮ. ಊಟದ ವೇಳೆ ಇದನ್ನು ಹೇಳಿ ಸಹೋದ್ಯೋಗಿಗಳನ್ನು ನಗಿಸಿದೆ.)

ಕಳೆದ ತಿಂಗಳ ಪರಾಮರ್ಶನ ಸಭೆಯಲ್ಲಿ ಈ ದೋಷವನ್ನು 20 ನಿಮಿಷ ವಿವರಿಸಿದೆ. ಆರಂಭದಲ್ಲಿ ಧ್ವನಿ ನಡುಗಿತು. ವ್ಯವಸ್ಥಾಪಕರು ಪ್ರಶ್ನೆ ಕೇಳತೊಡಗಿದ ಮೇಲೆ, ಉತ್ತರ ನನಗೆ ಮಾತ್ರ ಗೊತ್ತಿದೆ ಎಂಬ ಅರಿವಿನಿಂದಲೇ ಅಳುಕು ಇಳಿಯಿತು. ಸಂಬಳ ಹೆಚ್ಚಿಲ್ಲ, ಬಜೆಟ್ ಕುರಿತ ಸಭೆಗಳಲ್ಲಿ ಈಗಲೂ ಮೌನವೇ. ಎಂ.ಎ. ಆಸೆಯನ್ನು ಬಿಟ್ಟಿಲ್ಲ, ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮೂಲಕ, ಉದ್ಯೋಗದಲ್ಲಿದ್ದುಕೊಂಡೇ ಓದಲು ನಿರ್ಧರಿಸಿದ್ದೇನೆ.