ಮಗಳು ಬೇಸಿಗೆ ಪೂರ್ತಿ ಡ್ರಮ್ ಕೋರ್‌ಗೆ, ಅಮ್ಮತ್ತಿಯಲ್ಲಿ ಅಜ್ಜಿ ಕಾಯ್ತಿದ್ದಾರೆ

ಅಮ್ಮತ್ತಿ, ಈಗ ಇಂಡಿಯಾನಾ:
ಎಲ್ಲರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ಓದಿ ಹೇಳಿ. ಮಗಳಿಗೆ 18. ಹೈಸ್ಕೂಲ್ ಮಾರ್ಚಿಂಗ್ ಬ್ಯಾಂಡಲ್ಲಿ ನಾಲ್ಕು ವರ್ಷ ಮೆಲೋಫೋನ್ ಊದಿದ್ಲು. ಫ್ರೆಂಚ್ ಹಾರ್ನ್ ಥರದ್ದೇ, ನಡ್ಕೊಂಡು ನುಡಿಸೋಕೆ ಅಂತ ಬಾಯಿ ಮುಂದಕ್ಕೆ ಇರುತ್ತೆ. ಈಗ ಆಡಿಷನ್ ಕೊಟ್ಟು ಡ್ರಮ್ ಕೋರ್ ಒಂದರಲ್ಲಿ ಜಾಗ ಸಿಕ್ಕಿದೆ, ಅಂದ್ರೆ ಬೇಸಿಗೇಲಿ ಸ್ಪರ್ಧೆಗೆ ಅಂತ ಸುತ್ತೋ ಹಿತ್ತಾಳೆ ವಾದ್ಯ, ಡ್ರಮ್‌ಗಳ ಮಾರ್ಚಿಂಗ್ ತಂಡ. ಮೇ ಕೊನೆಯಿಂದ ಟ್ರೈನಿಂಗ್, ಆಮೇಲೆ ರಾತ್ರಿಯೆಲ್ಲ ಬಸ್ಸಲ್ಲಿ ಊರೂರು ಸುತ್ತಿ ಶೋ, ಶಾಲೆಗಳ ಜಿಮ್ ನೆಲದ ಮೇಲೆ ನಿದ್ದೆ, ಆಗಸ್ಟಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಫೈನಲ್ಸ್. ಫೀಸೇ ಸಾವಿರಾರು ಡಾಲರ್.

ಒಂಬತ್ತನೇ ಕ್ಲಾಸಲ್ಲಿ ಸೇರಿದಾಗ ಹಲ್ಲಿಗೆ ಕ್ಲಿಪ್ ಇತ್ತು. ಮೌತ್‌ಪೀಸ್ ಒತ್ತಿ ಒತ್ತಿ ತುಟಿಯ ಒಳಗೆಲ್ಲ ಗಾಯ, ಉಪ್ಪುನೀರು ಮುಕ್ಕಳಿಸಿ, ಕ್ಲಿಪ್ ಮೇಲೆ ಮೇಣ ಅಂಟಿಸ್ಕೊಂಡು ಮತ್ತೆ ಊದೋಳು. 5 ಗಜಕ್ಕೆ ಸರಿಯಾಗಿ 8 ಹೆಜ್ಜೆ ಬೀಳ್ಬೇಕಂತೆ, ಅಂದ್ರೆ ಹೆಜ್ಜೆಗೆ 22.5 ಇಂಚು. ಗ್ಯಾರೇಜ್ ನೆಲಕ್ಕೆ ಅಳೆದು ಟೇಪ್ ಅಂಟಿಸಿ ರಾತ್ರಿ ಹತ್ತರ ತನಕ ನಡೀತಿದ್ಲು, ಹಿಮ್ಮಡಿ ಮೊದಲು ಊರಿ, ಬೆರಳು ಮೇಲೆತ್ತಿ. ತೋಳು ನಡುಗ್ತಿದ್ರೂ ವಾದ್ಯ ಇಳಿಸ್ತಿರಲಿಲ್ಲ. ಆ ಟೇಪ್ ಇನ್ನೂ ಇದೆ, ಕಾರ್ ನಿಲ್ಲಿಸುವಾಗೆಲ್ಲ ಕಣ್ಣಿಗೆ ಬೀಳುತ್ತೆ, ಹೊಟ್ಟೆ ತುಂಬಿದ ಹಾಗಾಗುತ್ತೆ.

ಆದ್ರೆ ಬ್ಯಾಂಡ್ ಕ್ಯಾಂಪ್ ಇರುತ್ತೆ ಅಂತ ನಾಲ್ಕು ವರ್ಷದಿಂದ ಜೂನಲ್ಲೇ ಓಡಿಹೋಗಿ ಊರು ನೋಡ್ಕೊಂಡು ಬರ್ತಿದ್ವಿ. ಈ ಸಲ ಆಗಸ್ಟ್ 3ರ ಕಕ್ಕಡ ಪದಿನೆಟ್ಟ್‌ಗೆ (ಕಕ್ಕಡ ತಿಂಗಳ ಹದಿನೆಂಟನೇ ದಿನ, ನಮ್ಮ ಕೊಡಗಿನ ಮಳೆಗಾಲದ ಹಬ್ಬ) ಇರ್ತೀವಿ ಅಂತ ಅತ್ತೆಗೆ ಮಾತು ಕೊಟ್ಟಿದ್ದೆ. ಅವರಿಗೆ 82. ಆ ದಿನ ಮಾಡೋ ಮದ್ದು ಸೊಪ್ಪಿನ ಪಾಯಸ ಮೊಮ್ಮಗಳಿಗೆ ಕೈಯಾರೆ ಕೊಡ್ಬೇಕು ಅಂತ ಆಸೆ. ಕಳಿಸಿ ಅನುಭವ ಇರೋರು ಹೇಳಿ, ಬಿಸಿಲು, ಊಟ, ಸುರಕ್ಷತೆ ಹೇಗೆ? ಅತ್ತೆಗೆ ಏನಂತ ಹೇಳ್ಲಿ?

ಸೋಮವಾರಪೇಟೆ, ಈಗ ನ್ಯೂಜೆರ್ಸಿ:
ಅಕ್ಕ, ಬೇಜಾರು ಮಾಡ್ಕೋಬೇಡಿ, ಕಳಿಸಬೇಡಿ. ಮಕ್ಕಳ ಬೇಸಿಗೆ ಊರಿಗೆ ಸೇರಿದ್ದು. ನಾನೂ ಮಗನ ಬೇಸ್‌ಬಾಲ್ ಅಂತ ಮೂರು ವರ್ಷ ಊರಿಗೆ ಹೋಗ್ಲಿಲ್ಲ, ಮುಂದಿನ ವರ್ಷ ಮುಂದಿನ ವರ್ಷ ಅಂತ ಅಪ್ಪನಿಗೆ ಫೋನಲ್ಲಿ ಹೇಳ್ತಾನೇ ಇದ್ದೆ, ನಾಲ್ಕನೇ ವರ್ಷ ಹೋಗಿದ್ದು ತಿಥಿಗೆ. ಮಗನಿಗೆ ಅಲ್ಲಿ ಯಾರ ಹತ್ರ ಏನು ಮಾತಾಡ್ಬೇಕು ಅಂತ ಗೊತ್ತಾಗದೆ ಜಗಲೀಲಿ ಕೂತಿದ್ದ. ಬ್ಯಾಂಡ್ ಇನ್ನೊಂದು ವರ್ಷ ಸಿಗುತ್ತೆ, 82ರ ಅಜ್ಜಿ ಸಿಗಲ್ಲ.

ಮೂರ್ನಾಡು, ಈಗ ಟೆಕ್ಸಾಸ್:
ನಮ್ಮ ಮಗ ಎರಡು ಸೀಸನ್ ಹೋಗಿದ್ದಾನೆ, ಬಾಸ್ ಡ್ರಮ್. ಊಟಕ್ಕೆ ಅವರದ್ದೇ ಅಡುಗೆ ಟ್ರಕ್ ಇರುತ್ತೆ, ದಿನಕ್ಕೆ ನಾಲ್ಕು ಹೊತ್ತು. ಬೀಫ್ ತಿನ್ನಲ್ಲ ಅಂತ ಫಾರ್ಮಲ್ಲಿ ಮೊದಲೇ ಬರೆದುಕೊಡಿ. ಒಂದು ಗ್ಯಾಲನ್ ನೀರಿನ ಜಗ್, ಎರಡು ಜೊತೆ ಬೂಟು (ಒಂದು ಒದ್ದೆ ಆಗೇ ಆಗುತ್ತೆ), ಕಿವಿಗೆ ಇಯರ್‌ಪ್ಲಗ್, ಗಾಳಿ ತುಂಬೋ ಹಾಸಿಗೆ. ಸನ್‌ಸ್ಕ್ರೀನ್ ಕಿವಿ ಹಿಂದೆ ಹಚ್ಚೋಕೆ ಹೇಳಿ, ನಮ್ಮವನಿಗೆ ಅಲ್ಲೇ ಸುಟ್ಟಿತ್ತು. ಮತ್ತೆ ಆ ಟ್ರಕ್ಕಲ್ಲಿ ಅಡುಗೆ ಮಾಡೋರು ಹೆಚ್ಚಿನವರು ಅಪ್ಪ ಅಮ್ಮಂದಿರೇ, ನೀವೂ ಒಂದು ವಾರ ಹೋಗ್ಬಹುದು. ನಾನು 150ಕ್ಕೂ ಹೆಚ್ಚು ಮಕ್ಕಳಿಗೆ ಈರುಳ್ಳಿ ಹೆಚ್ಚಿದ್ದೀನಿ.

ಗೋಣಿಕೊಪ್ಪ, ಈಗ ದುಬೈ:
ಸೋಮವಾರಪೇಟೆ ಅಣ್ಣ ಹೇಳಿದ್ದು ನೂರಕ್ಕೆ ನೂರು. ನಮ್ಮ ಮಕ್ಕಳಿಗೆ ಕೊಡವ ಹಾಕಿ ಹಬ್ಬ ತೋರಿಸಿ, 1997ರಲ್ಲಿ ಕರಡದಲ್ಲಿ ಶುರುವಾಗಿದ್ದು ಇವತ್ತು ಎಷ್ಟು ಕುಟುಂಬ ಆಡ್ತಾರೆ ನೋಡಿ. ಅಜ್ಜ, ಮೊಮ್ಮಗ, ಸೊಸೆ ಒಂದೇ ಟೀಮಲ್ಲಿ.

ವಿರಾಜಪೇಟೆ, ಈಗ ಬೇ ಏರಿಯಾ:
ಹಾಕಿ ಹಬ್ಬ ಬರೋದು ಏಪ್ರಿಲ್ ಮೇನಲ್ಲಿ, ಇಲ್ಲಿ ಆಗ ಸ್ಕೂಲು ಪರೀಕ್ಷೆ. ಅವರು ಕೇಳಿದ್ದು ಏನು, ನೀವು ಹೇಳ್ತಿರೋದೇನು? ಈ ಡ್ರಮ್ ಕೋರ್‌ಗಳ ಬೇರು ಎಲ್ಲಿದೆ ಅಂತ ಗೊತ್ತಾ, ಯುದ್ಧ ಮುಗಿಸಿ ಬಂದ ಸೈನಿಕರ ಸಂಘಗಳು ತಮ್ಮೂರ ಮಕ್ಕಳಿಗೆ ಅಂತ ಕಟ್ಟಿ ಬೆಳೆಸಿದ್ದು. ಈಗಿನ ದೊಡ್ಡ ಚಾಂಪಿಯನ್‌ಶಿಪ್ 1972ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಶುರುವಾಯ್ತು. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಜಿಲ್ಲೆಯವರು ನಾವು, ಹುಡುಗಿ ಸಾಲು ತಪ್ಪದೆ ಹೆಜ್ಜೆ ಹಾಕ್ತಾಳೆ ಅಂದ್ರೆ ಬೇಡ ಅನ್ನೋದಾ? ನಮ್ಮಪ್ಪ ಇದ್ದಿದ್ರೆ ಎದ್ದು ನಿಂತು ಸೆಲ್ಯೂಟ್ ಹೊಡೀತಿದ್ರು.

ಸೋಮವಾರಪೇಟೆ, ಈಗ ನ್ಯೂಜೆರ್ಸಿ:
ಸೆಲ್ಯೂಟ್ ಹೊಡೆಯೋ ಅಪ್ಪಂದಿರು ಇರುವಾಗ್ಲೇ ಊರಿಗೆ ಹೋಗಿ ಅಂತಲೇ ನಾನು ಹೇಳ್ತಿರೋದು.

ಗೋಣಿಕೊಪ್ಪ, ಈಗ ದುಬೈ:
ಅದೇ. ತೋಟ ನೋಡ್ಕೊಳ್ಳೋರಿಲ್ಲ ಅಂತ ನಾವು ಆರು ಎಕರೆ ಕೊಟ್ಟುಬಿಟ್ವಿ. ಈಗ ಆ ಗೇಟ್ ಮುಂದೆ ಜೀಪ್ ಹೋದ್ರೆ ನಾನು ತಲೆ ಆಚೆ ತಿರುಗಿಸ್ತೀನಿ.

ಮಡಿಕೇರಿ, ಕೆನಡಾದಿಂದ ವಾಪಸ್ ಬಂದವರು:
ಎಲ್ಲರೂ ಸ್ವಲ್ಪ ಸಮಾಧಾನ. ಕಕ್ಕಡದಲ್ಲಿ ಇಲ್ಲಿ ಮಳೆ ಹೇಗೆ ಅಂತ ಮರೆತ್ರಾ? ವಾರಗಟ್ಟಲೆ ಕರೆಂಟ್ ಇರಲ್ಲ, 2018ರಲ್ಲಿ ಗುಡ್ಡ ಕುಸಿದ ಮೇಲೆ ಆಗಸ್ಟ್ ಬಂದ್ರೆ ಗುಡ್ಡದ ಕಡೆಗೇ ಕಣ್ಣು. ಕಾಲೇಜಿಗೆ ರಜೆ ಸಿಗೋದಾದ್ರೆ ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಕರ್ಕೊಂಡು ಬನ್ನಿ, ಗದ್ದೆಯಿಂದ ಕದಿರು ತರೋವಾಗ ಅಜ್ಜಿ ಪಕ್ಕ ಇರ್ಲಿ. ಅವಳ ವಾದ್ಯ ನೋಡಿದ್ರೆ ನಮ್ಮ ವಾಲಗದ ಕೊಂಬಿನೋರು ಬಿಡ್ತಾರಾ, ಕೈಗೆ ತಗೊಂಡು ಒಂದ್ಸಲ ಊದೇ ಊದ್ತಾರೆ.

ಅಮ್ಮತ್ತಿ, ಈಗ ಇಂಡಿಯಾನಾ:
ಎಲ್ಲರಿಗೂ ಥ್ಯಾಂಕ್ಸ್. ಸೋಮವಾರಪೇಟೆ ಅಣ್ಣ, ನಿಮ್ಮದು ಓದಿ ರಾತ್ರಿ ನಿದ್ದೆ ಬರ್ಲಿಲ್ಲ, ನಿಜ. ಬೆಳಿಗ್ಗೆ ಎದ್ದು ಅತ್ತೆಗೆ ವಿಡಿಯೋ ಕಾಲ್ ಮಾಡಿ ಇದ್ದದ್ದು ಇದ್ದ ಹಾಗೇ ಹೇಳ್ದೆ. ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ ಮೊದಲು ಕೇಳಿದ್ದು ಹೊಟ್ಟೆಗೆ ಏನು ಹಾಕ್ತಾರೆ ಅಂತ. ಎರಡನೇದು, ಊದಿ ತೋರ್ಸು ಅಂತ. ಮಗಳು ಫೋನನ್ನ ಗ್ಯಾರೇಜ್ ಶೆಲ್ಫ್ ಮೇಲಿಟ್ಟು ಆ ಟೇಪ್ ಮೇಲೇ ನಡೀತಾ ನುಡಿಸಿದ್ಲು. ಅತ್ತೆ ಫೋನನ್ನ ಕಿವಿಗೆ ಒತ್ತಿ ಹಿಡಿದಿದ್ರು, ನಮಗೆ ಪರದೆ ತುಂಬ ಅವರ ಓಲೆ ಮಾತ್ರ ಕಾಣ್ತಿತ್ತು. ಮುಗಿದ ಮೇಲೆ, ಹೋಗ್ಬಾ ಮಗಳೇ, ಪುತ್ತರಿಗೆ ಅದನ್ನ ಹಿಡ್ಕೊಂಡೇ ಬಾ ಅಂದ್ರು.

ಮೂರ್ನಾಡು ಅಕ್ಕ, ಅಡುಗೆ ಟ್ರಕ್‌ಗೆ ಹೆಸರು ಯಾರ ಹತ್ರ ಕೊಡೋದು? ಆಗಸ್ಟ್ 3 ಬರೋ ವಾರಕ್ಕೇ ಬೇಕು ನಂಗೆ. ಸೊಪ್ಪು ಸಿಗಲ್ಲ, ಆದ್ರೆ ಪಾಯಸ ಮಾಡ್ಬಹುದಲ್ಲ.