ಪದಚರ್ಚೆ: ಅಂಕಣದ ಮನೆ, ಸಂಗ್ರಹಾಲಯವಾದ ಮನೆ

ಆತ್ಮೀಯರೇ, ನಮಸ್ಕಾರ.

ಹಾಸನದ ನಮ್ಮ ಓದುಗರ ಬಳಗದವರು ಕಳೆದ ತಿಂಗಳು ಎರಡು ದಿನದ ಪ್ರವಾಸ ಹೋಗಿದ್ದೆವು. ಅರಸೀಕೆರೆ, ಕಡೂರು, ತರೀಕೆರೆಯ ದಾರಿಯಲ್ಲಿ ಶಿವಮೊಗ್ಗ ತಲುಪಿ ಅಲ್ಲಿನ ಶಿವಪ್ಪನಾಯಕ ಅರಮನೆಯ ಸರ್ಕಾರಿ ವಸ್ತುಸಂಗ್ರಹಾಲಯವನ್ನು ನೋಡಿದೆವು. ಮರುದಿನ ತೀರ್ಥಹಳ್ಳಿಯ ಮೇಲೆ ಹೋಗಿ ಕುಪ್ಪಳಿಯಲ್ಲಿರುವ ಕುವೆಂಪು ಅವರ ಕವಿಮನೆಯನ್ನು ನೋಡಿಕೊಂಡು, ಕೊಪ್ಪ, ಬಾಳೆಹೊನ್ನೂರು, ಚಿಕ್ಕಮಗಳೂರು, ಬೇಲೂರುಗಳ ಮೂಲಕ ಮರಳಿದೆವು. ಬರಲಾಗದೆ ಉಳಿದ ಸದಸ್ಯರಿಗಾಗಿ ನೋಡಿದ್ದನ್ನೆಲ್ಲ ವಿವರಿಸುವ ನಾಲ್ಕು ಪುಟದ ಬರಹವೊಂದನ್ನು ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂತು. ಬರೆಯುತ್ತ ಹೋದಂತೆ ಎರಡು ಪದಗಳ ಹತ್ತಿರ ಲೇಖನಿ ನಿಂತುಬಿಟ್ಟಿತು. ಅವುಗಳಲ್ಲಿ ಒಂದು ನಾವೆಲ್ಲ ಬಲ್ಲ ‘ಅಂಕಣ’. ಇನ್ನೊಂದು, ಸಂಗ್ರಹಾಲಯವಾಗಿ ಕಾಪಿಟ್ಟ ಮನೆಯನ್ನು ಹೇಳುವ, ಕನ್ನಡದಲ್ಲಿ ಇದೆಯೋ ಇಲ್ಲವೋ ಎಂದೇ ನನಗೆ ತೋಚದ ಪದ.

ಮೊದಲನೆಯದರಿಂದ ತೊಡಗುತ್ತೇನೆ. ‘ಅರಮನೆಯ ದರ್ಬಾರು ಸಭಾಂಗಣದ ಎರಡೂ ಪಕ್ಕದ ಅಂಕಣಗಳಲ್ಲಿ’ ಎಂದು ನಾನು ಬರೆದುಕೊಟ್ಟದ್ದನ್ನು ಬೆರಳಚ್ಚು ಮಾಡಿದ ಹುಡುಗ ‘ಎರಡೂ ಪಕ್ಕದ ಅಂಗಣಗಳಲ್ಲಿ’ ಎಂದು ತಿದ್ದಿ ಕಳುಹಿಸಿದ್ದ. ಕೇಳಿದರೆ, “ಸಾರ್, ಅಂಕಣ ಪೇಪರಿನಲ್ಲಿ ಬರೋದು, ಮನೆಯಲ್ಲಿರೋದು ಅಂಗಣ, ನೀವು ಅವಸರದಲ್ಲಿ ತಪ್ಪು ಬರೆದಿದ್ದೀರಿ ಅಂದ್ಕೊಂಡೆ” ಎಂದ. ಅವನನ್ನು ದೂರುವಂತಿಲ್ಲ. ಅವನು ಹುಟ್ಟಿ ಬೆಳೆದದ್ದು ಆರ್‌ಸಿಸಿ ಮನೆಯಲ್ಲಿ. ಅಂತಹ ಮನೆಗೆ ಚದರಗಳ ಲೆಕ್ಕವುಂಟು, ಅಂಕಣಗಳ ಲೆಕ್ಕವಿಲ್ಲ.

ಆದರೆ ಇದೇ ಪದವನ್ನು ಅದರ ಮೂಲದ ಅರ್ಥದಲ್ಲಿ ಸಲೀಸಾಗಿ ಬಳಸುವುದನ್ನು ನಾನು ಅದೇ ಅರಮನೆಯೊಳಗೆ ಕೇಳಿದ್ದೆ. ನಮ್ಮೊಡನೆ ಬಂದಿದ್ದ ನನ್ನ ಸೋದರತ್ತೆಯವರು ಮೂಡಿಗೆರೆಯ ಕಡೆಯವರು, ಎಂಬತ್ತು ದಾಟಿದವರು. ಒಳಗೆ ಕಾಲಿಟ್ಟವರೇ ಮೇಲೆ ನೋಡುತ್ತ ನಿಂತರು. ದಪ್ಪನೆಯ ಮರದ ಕಂಬಗಳು, ಕಂಬದಿಂದ ಕಂಬಕ್ಕೆ ಬಳುಕಿನ ಕಮಾನುಗಳು, ಮೇಲಂತಸ್ತಿನ ಕೋಣೆಗಳಿಂದ ಕೆಳಗಿನ ಸಭಾಂಗಣಕ್ಕೆ ಇಣುಕುವ ಮೊಗಸಾಲೆಗಳು. ನನ್ನ ಮೊಮ್ಮಗ ಒಂದು ಸಾಲಿನ ಕಂಬಗಳನ್ನು ಬೆರಳು ಮಾಡಿ ಎಣಿಸಿ ಗಟ್ಟಿಯಾಗಿ ಲೆಕ್ಕ ಹೇಳಿದ. ಅತ್ತೆಯವರೂ ಅದೇ ಸಾಲನ್ನು ಎಣಿಸಿದರು. ಅವರ ಲೆಕ್ಕ ಒಂದು ಕಡಿಮೆ ಬಂತು. ಅವರ ಕಣ್ಣಿಗೆ ತಪ್ಪಿರಬೇಕೆಂದು ಹುಡುಗ ಮತ್ತೆ ಎಣಿಸತೊಡಗಿದಾಗ, “ಕಂಬ ಯಾರು ಎಣಿಸ್ತಾರೆ ಮಗ, ನಾನು ಅಂಕಣ ಎಣಿಸಿದ್ದು” ಎಂದರು. ಅವನಿಗೆ ಕಂಡದ್ದು ಮರ, ಅವರಿಗೆ ಕಂಡದ್ದು ಮರದ ನಡುವಿನ ತೆರಪು.

ನಿಘಂಟುಗಳೂ ಅತ್ತೆಯವರ ಕಡೆಗೇ ಇವೆ. ಎರಡು ತೊಲೆಗಳ ಅಥವಾ ಎರಡು ಕಂಬಗಳ ನಡುವಣ ಜಾಗ ಎಂಬುದೇ ಅಂಕಣದ ಮೊದಲ ಅರ್ಥ, ತೆಲುಗಿನಲ್ಲಿಯೂ ಈ ಪದ ಇದೇ ಅರ್ಥದಲ್ಲಿದೆ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಮನೆಯ ದೊಡ್ಡಸ್ತಿಕೆಯನ್ನು ಹೇಳುತ್ತಿದ್ದುದೇ ಮೂರಂಕಣದ ಮನೆ, ಐದಂಕಣದ ಮನೆ ಎಂದು. ಅಣ್ಣತಮ್ಮಂದಿರು ಪಾಲಾಗುವಾಗಲೂ ‘ಅವನಿಗೆ ಎರಡಂಕಣ, ಇವನಿಗೆ ಎರಡಂಕಣ’ ಎಂದೇ ಮನೆ ಒಡೆಯುತ್ತಿತ್ತು. ದೇವಾಲಯದ ವಾಸ್ತುವನ್ನು ಕುರಿತು ಬರೆಯುವವರು ಇಂದಿಗೂ ಈ ಪದವನ್ನು ಬಿಟ್ಟಿಲ್ಲ. ಸಾಮಾನ್ಯವಾಗಿ ನಡುವೆ ನಾಲ್ಕು ಕಂಬಗಳನ್ನು ನಿಲ್ಲಿಸಿ ಒಳಾವರಣವನ್ನು ಒಂಬತ್ತು ಅಂಕಣಗಳಾಗಿ ಹಂಚಿದಾಗ ಅದು ನವರಂಗವಾಗುತ್ತದೆ. ಹೊಯ್ಸಳರ ಗುಡಿಗಳಲ್ಲಿ ತಲೆಯೆತ್ತಿ ನೋಡಿದರೆ ಅಂಕಣಕ್ಕೊಂದರಂತೆ ಬೇರೆ ಬೇರೆ ಕೆತ್ತನೆಯ ವಿತಾನಗಳು ಕಾಣುತ್ತವೆ. ಪತ್ರಿಕೆಯ ಪುಟವನ್ನು ಉದ್ದುದ್ದ ಪಟ್ಟಿಗಳಾಗಿ ವಿಭಾಗಿಸಿದಾಗ ಆ ಪಟ್ಟಿಗೆ ಹೆಸರು ಬೇಕಾಯಿತು. ಮನೆಯ ಅಂಕಣ ಪುಟಕ್ಕೆ ಬಂತು. ಆ ಪಟ್ಟಿಯಲ್ಲಿ ವಾರವಾರವೂ ಬರೆಯುವವರು ಅಂಕಣಕಾರರಾದರು. ಗೆರೆ ಎಳೆದ ಕಬಡ್ಡಿಯ ಆಟದ ಜಾಗವೂ ಈಗ ಅಂಕಣವೇ. ಇಷ್ಟೆಲ್ಲ ಸುತ್ತಾಡಿ ಬರುವ ಹೊತ್ತಿಗೆ ಪದ ಹುಟ್ಟಿದ ಮನೆಯಲ್ಲೇ ಅದನ್ನು ಗುರುತಿಸುವವರಿಲ್ಲದಂತಾಗಿದೆ.

‘ಅಂಗಣ’ದ ಮಾತು ಬೇರೆ. ಅದು ಸಂಸ್ಕೃತದ್ದು, ನಮ್ಮ ‘ಅಂಗಳ’ ಅದರ ತದ್ಭವ. ಕ್ರೀಡಾಂಗಣ, ಸಭಾಂಗಣಗಳಲ್ಲಿ ಇರುವುದು ಇದೇ. ಅಂಗಣ ಬಯಲು, ಅಂಕಣ ಸೂರಿನ ಕೆಳಗಿನದು. ಕ್ರೀಡಾಂಗಣದೊಳಗೆ ಕಬಡ್ಡಿಯ ಅಂಕಣ ಇರಬಹುದೇ ಹೊರತು ಅಂಕಣದೊಳಗೆ ಅಂಗಣ ಇರಲಾರದು. ಹೀಗೆ ಹೇಳಿ ಬೆರಳಚ್ಚಿನ ಹುಡುಗನನ್ನು ಒಪ್ಪಿಸಿದ್ದಾಯಿತು. ಆದರೆ ಅವನು ಕೂಡಲೇ ಕೇಳಿದ, “ಹಾಗಾದ್ರೆ ನಡುವೆ ಬಿಸಿಲು ಬೀಳುವ ಜಾಗ?” ಅದಕ್ಕೆ ನಾವು ತೊಟ್ಟಿ ಎನ್ನುತ್ತೇವೆ, ಸಾಗರದ ಕಡೆಯವರು ಚೌಕಿ ಎನ್ನುತ್ತಾರೆ. ಮನೆಯನ್ನೂ ಇಲ್ಲಿ ತೊಟ್ಟಿಮನೆ, ಅಲ್ಲಿ ಚೌಕಿಮನೆ ಎಂದು ಕರೆಯುತ್ತಾರೆ. ಬೀದಿಗೆ ಮುಖಮಾಡಿದ ಭಾಗವಂತೂ ಊರಿಗೊಂದು ಹೆಸರು ಹೊತ್ತಿದೆ: ಮಲೆನಾಡಿನಲ್ಲಿ ಜಗಲಿ, ಬೇರೆ ಕಡೆ ಪಡಸಾಲೆ. ಹಾಸನ ಮೈಸೂರುಗಳಲ್ಲಿ ಒಳಗಿನ ದೊಡ್ಡ ಕೋಣೆಗೆ ಹಜಾರ ಎನ್ನುತ್ತಾರೆ. (ಹಂಪೆಯ ಹಜಾರರಾಮ ದೇವಾಲಯದ ಹೆಸರನ್ನು ‘ಸಾವಿರ ರಾಮ’ ಎಂದು ಬಿಡಿಸುವವರಿದ್ದಾರೆ, ಅರಮನೆಯ ಹಜಾರದಿಂದ ಬಂತು ಎನ್ನುವವರೂ ಇದ್ದಾರೆ. ಅರಮನೆಯ ಆವರಣದೊಳಗೇ ಇರುವ ಗುಡಿಯಾದ್ದರಿಂದ ಎರಡನೆಯ ವಿವರಣೆ ನನಗೆ ಹೆಚ್ಚು ಹಿಡಿಸುತ್ತದೆ.)

ಇನ್ನು ಎರಡನೆಯ ಪದ, ನಿಜವಾಗಿ ನಿಮ್ಮೆಲ್ಲರ ನೆರವು ಬೇಕಾದದ್ದು ಇದಕ್ಕೆ. ನಮ್ಮ ಬರಹಕ್ಕೆ ‘ಎರಡು ವಸ್ತುಸಂಗ್ರಹಾಲಯಗಳು’ ಎಂದು ತಲೆಬರಹ ಕೊಟ್ಟಿದ್ದೆ. ಅಚ್ಚಿಗೆ ಕೊಡುವ ಮುನ್ನ ಮತ್ತೊಮ್ಮೆ ಓದಿದಾಗ ಅದು ಅರ್ಧ ಮಾತ್ರ ಸರಿ ಅನ್ನಿಸಿತು. ವಸ್ತುಗಳ ಸಂಗ್ರಹಕ್ಕೆ ಇರುವ ಆಲಯ ವಸ್ತುಸಂಗ್ರಹಾಲಯ. ಹಳಬರು ಇದನ್ನೇ ‘ವಸ್ತುಪ್ರದರ್ಶನ’ ಎಂದುಬಿಡುವುದುಂಟು. ಪ್ರವಾಸ ಮುಗಿಸಿ ಬಂದಾಗ ಪಕ್ಕದ ಮನೆಯ ಹಿರಿಯರೊಬ್ಬರು ಹಾಗೆಯೇ ಕೇಳಿದರು. ಮೈಸೂರಿನ ದಸರೆಯ ವಸ್ತುಪ್ರದರ್ಶನಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅವರಿಗೆ ತಿಳಿಯದ್ದೇನಲ್ಲ, ನಾಲಿಗೆಗೆ ಸುಲಭವಾದ್ದನ್ನು ಹೇಳಿದರು ಅಷ್ಟೆ. ಸರ್ಕಾರದ ಇಲಾಖೆಯ ಹೆಸರಿನಲ್ಲಿ ‘ವಸ್ತು’ವನ್ನು ಬಿಟ್ಟು ‘ಸಂಗ್ರಹಾಲಯ’ವನ್ನಷ್ಟೇ ಇಟ್ಟುಕೊಂಡಿದ್ದಾರೆ, ಅದು ಒಳ್ಳೆಯದೇ ಆಯಿತು. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕಕ್ಕೆ ಆಲಯದ ಹಂಗೇ ಇಲ್ಲ. ಹೆಸರನ್ನು ಹಗುರಾಗಿ ಇಟ್ಟರೂ ಜನ ಅರ್ಥಮಾಡಿಕೊಳ್ಳುತ್ತಾರೆ ಎಂಬುದಕ್ಕೆ ಅದು ಸಾಕ್ಷಿ.

ಎಷ್ಟೇ ಹಗುರಾಗಿಸಿದರೂ ‘ಸಂಗ್ರಹ’ ಎಂಬ ಮಾತು ಉಳಿಯಿತಲ್ಲ. ಒಂದು ಕಡೆ ಇದ್ದುದನ್ನು ಎತ್ತಿ ಇನ್ನೊಂದು ಕಡೆ ತಂದಿಟ್ಟರೆ ಅದು ಸಂಗ್ರಹ. ಹಾಸನದವರಾದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ಸಿಕ್ಕ, ಸುಮಾರು ಕ್ರಿ.ಶ. 450ರದೆಂದು ಎಣಿಸಲಾದ ಕನ್ನಡ ಶಾಸನದ ಮೂಲ ಕಲ್ಲು ಮೈಸೂರಿನಲ್ಲಿದೆ. ಊರಿನಲ್ಲಿ ಇರುವುದು ಅದರ ಪ್ರತಿಕೃತಿ. ಕಲ್ಲು ಹೋದದ್ದರಿಂದ ಉಳಿಯಿತು ಎಂಬುದನ್ನು ಒಪ್ಪುತ್ತೇನೆ. ಆದರೂ ಅದು ‘ಸಂಗ್ರಹ’ವಾಯಿತು. ಶಿವಮೊಗ್ಗದ ಅರಮನೆಯ ಆವರಣದಲ್ಲಿ ನೋಡಿದ ಶಿಲ್ಪಗಳದೂ ಇದೇ ಕಥೆ. ಹೊಯ್ಸಳರ ಕಾಲದ, ಕೆಳದಿಯ ಕಾಲದ ಆ ಕಲ್ಲುಗಳು ಆ ಕಟ್ಟಡಕ್ಕಾಗಿ ಕಡೆದವಲ್ಲ, ಎಲ್ಲೆಲ್ಲಿಂದಲೋ ಅಲ್ಲಿಗೆ ಬಂದು ಸೇರಿದವು. ಕಟ್ಟಡದ ಹೆಸರಿನಲ್ಲಿಯೂ ಒಂದು ತೊಡಕಿದೆ: 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನ ಹೆಸರು ಅದಕ್ಕೆ ಅಂಟಿಕೊಂಡಿದ್ದರೂ, ಈಗ ನಾವು ಕಾಣುವ ಮರದ ಕಟ್ಟಡ 18ನೆಯ ಶತಮಾನದ್ದು, ಹೈದರಾಲಿಯ ಕಾಲದ್ದು ಎಂದು ವಾಸ್ತುವಿದ್ವಾಂಸರು ಹೇಳಿದ್ದಾರೆ. ಏನೇ ಇರಲಿ, ಅದನ್ನು ಸಂಗ್ರಹಾಲಯ ಎನ್ನಲು ಅಡ್ಡಿಯಿಲ್ಲ.

ಕವಿಮನೆಯ ರೀತಿ ಇದಲ್ಲ. ಕುವೆಂಪು ಅವರು 1904ರ ಡಿಸೆಂಬರ್ 29ರಂದು ಹುಟ್ಟಿದ್ದು ನಮ್ಮ ನೆರೆಯ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಬೆಳೆದದ್ದು ಕುಪ್ಪಳಿಯ ಈ ತೊಟ್ಟಿಮನೆಯಲ್ಲಿ. ಇಲ್ಲಿ ಪ್ರದರ್ಶನಕ್ಕಿರುವುದು ಮುಖ್ಯವಾಗಿ ಮನೆಯೇ. ಉಪ್ಪರಿಗೆ, ಜಗಲಿ, ತೊಟ್ಟಿ, ಅಡುಗೆಮನೆ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿವೆ. ಬೀಸುಕಲ್ಲು, ಒರಳು, ಕಡೆಗೋಲುಗಳೂ ಮನೆಯ ಸಾಮಾನುಗಳಾಗಿಯೇ ಕಾಣುತ್ತವೆ. ಅತ್ತೆಯವರು ಅಲ್ಲಿಯ ಕಂಬವೊಂದಕ್ಕೆ ಅಂಗೈ ಊರಿ ನಿಂತು, “ಮ್ಯೂಸಿಯಂ ಅಂದ್ರಿ, ಇದು ಮನೆಯಲ್ಲವಾ” ಎಂದರು. ನನ್ನ ತಲೆಬರಹ ಕುಸಿದದ್ದು ಅಲ್ಲಿಯೇ. ಕುಪ್ಪಳಿಯವರಿಗೆ ‘ಕವಿಮನೆ’ ಎಂಬ ಸೊಗಸಾದ ಹೆಸರು ಸಿಕ್ಕಿತು. ಆದರೆ ಅದು ಆ ಒಂದು ಮನೆಯ ಅಂಕಿತನಾಮ. ಮೈಸೂರಿನ ಯಾದವಗಿರಿಯ ಆರ್.ಕೆ. ನಾರಾಯಣ್ ಅವರ ಮನೆ, ಮಡಿಕೇರಿಯಲ್ಲಿ 2021ರಲ್ಲಿ ಉದ್ಘಾಟನೆಯಾದ ಜನರಲ್ ತಿಮ್ಮಯ್ಯನವರ ‘ಸನ್ನಿ ಸೈಡ್’, ಇವೆಲ್ಲವನ್ನೂ ಒಟ್ಟಾಗಿ ಹೇಳುವ ರೂಢನಾಮ ಯಾವುದು?

ಚಾಲ್ತಿಯಲ್ಲಿರುವ ಮಾತುಗಳನ್ನು ಒಂದೊಂದಾಗಿ ಹಚ್ಚಿ ನೋಡಿದೆ. ‘ಸ್ಮಾರಕ’ಕ್ಕೆ ಈಗಾಗಲೇ ಎರಡು ಕೆಲಸ. ಯಾರದೋ ನೆನಪಿಗೆಂದು ಕಟ್ಟಿದ್ದೂ ಸ್ಮಾರಕ, ಕಾನೂನಿನ ಭಾಷೆಯಲ್ಲಿ ಸಂರಕ್ಷಿಸಿದ ಹಳೆಯ ಕಟ್ಟಡವೂ ಸ್ಮಾರಕ. ನಿತ್ಯ ಪೂಜೆ ನಡೆಯುವ ಬೇಲೂರಿನ ಚೆನ್ನಕೇಶವನ ಗುಡಿಯನ್ನು ಸ್ಮಾರಕವೆಂದರೆ ಊರಿನವರಿಗೆ ಕಸಿವಿಸಿಯಾಗುತ್ತದೆ, ಅದು ಸಹಜವೇ. ‘ಐತಿಹಾಸಿಕ ಮನೆ’ ಎನ್ನೋಣವೆಂದರೆ, ಚುನಾವಣೆಯ ಗೆಲುವಿನಿಂದ ಹಿಡಿದು ಬಜೆಟ್ಟಿನವರೆಗೆ ಎಲ್ಲವೂ ಐತಿಹಾಸಿಕವಾಗಿ ಆ ಮಾತು ಸವೆದುಹೋಗಿದೆ. ‘ಪಾರಂಪರಿಕ ಮನೆ’ ಎಂಬುದನ್ನು ನಮ್ಮ ಭಾಗದಲ್ಲಿ ಹೋಮ್‌ಸ್ಟೇಯವರು ಎತ್ತಿಕೊಂಡಿದ್ದಾರೆ. ಚಿಕ್ಕಮಗಳೂರಿನಲ್ಲಿ ಚಹಾಕ್ಕೆ ನಿಂತಾಗ “ಇಲ್ಲಿ ಹತ್ತಿರದಲ್ಲಿ ನೋಡುವಂತಹ ಪಾರಂಪರಿಕ ಮನೆ ಇದೆಯೇ” ಎಂದು ವಿಚಾರಿಸಿದ್ದಕ್ಕೆ, “ಎಷ್ಟು ಜನ ಸಾರ್, ಊಟ ಸೇರಿಯೋ ಬಿಟ್ಟೋ” ಎಂಬ ಉತ್ತರ ಬಂತು.

ಉಳಿದದ್ದು ‘ಮನೆ’ಯನ್ನೇ ಹಿಡಿದು ಹೊಸದು ಕಟ್ಟುವುದು. ಈ ಪದ ಕನ್ನಡದಲ್ಲಿ ಯಾವ ಭಾರವನ್ನೂ ಹೊರಬಲ್ಲದು: ಅರಸನಿದ್ದರೆ ಅರಮನೆ, ಕೈದಿಯಿದ್ದರೆ ಸೆರೆಮನೆ, ತಾಯಿಯಿದ್ದರೆ ತವರುಮನೆ. ಕೊಡಗಿನವರ ಐನ್‌ಮನೆ ಇಡೀ ಒಕ್ಕದ, ಅಂದರೆ ಕುಲದ, ಮೂಲಮನೆ. ಇದರ ಜೊತೆಗೆ ‘ಬೀಡು’ ಎಂಬ ಮಾತೂ ಇದೆ. ಘಟ್ಟ ಇಳಿದರೆ ಧರ್ಮಸ್ಥಳದ ಹೆಗ್ಗಡೆಯವರ ಮನೆಗೆ ಬೀಡು ಎಂದೇ ಹೆಸರು. ತಮಿಳಿನಲ್ಲಿ ವೀಡು ಎಂದರೆ ಮನೆ. ನಮ್ಮ ಹಳೇಬೀಡಿನಲ್ಲಿ ಮಾತ್ರ ಅದಕ್ಕೆ ಬಿಡಾರ, ರಾಜಧಾನಿ ಎಂಬ ಅರ್ಥ. ಹೊಯ್ಸಳರ ಶಾಸನಗಳಲ್ಲಿ ಅರಸನು ದೋರಸಮುದ್ರದ (ಇಂದಿನ ಹಳೇಬೀಡಿನ) ನೆಲೆವೀಡಿನಲ್ಲಿ ಸುಖಸಂಕಥಾವಿನೋದದಿಂದ ರಾಜ್ಯವಾಳುತ್ತಿದ್ದನೆಂಬ ಮಾತು ಮತ್ತೆ ಮತ್ತೆ ಬರುತ್ತದೆ. ದಂಡಿನೊಡನೆ ಸರಿಯುವ ಬೀಡು ಒಂದು, ಕದಲದೆ ನೆಲೆಯಾಗಿ ನಿಂತ ಬೀಡು ಇನ್ನೊಂದು. ಆ ಎರಡನೆಯದೇ ನೆಲೆವೀಡು. ಇದೇ ಜಾಡಿನಲ್ಲಿ, ವಸ್ತುಗಳನ್ನು ತಂದು ಕೂಡಿಸಿದ್ದು ಸಂಗ್ರಹಾಲಯ, ಇದ್ದಲ್ಲಿಯೇ ಇದ್ದಂತೆಯೇ ಕಾಪಿಟ್ಟದ್ದು ‘ನೆಲೆಮನೆ’ ಎಂದು ಕರೆಯಬಹುದೇ ಎಂಬುದು ನನ್ನ ಪ್ರಶ್ನೆ.

ಇದಕ್ಕೆ ಬಂದ ಆಕ್ಷೇಪಗಳನ್ನೂ ಮುಚ್ಚಿಡುವುದಿಲ್ಲ. ಬಳಗದ ವ್ಯಾಕರಣಪ್ರಿಯರೊಬ್ಬರು, ‘ನೆಲೆ’ಯ ಮುಂದೆ ‘ಬೀಡು’ ವೀಡಾದಂತೆ ‘ಮನೆ’ಯೂ ವನೆಯಾಗಬೇಡವೇ ಎಂದು ಕೆಣಕಿದರು. ಅರಮನೆಯಲ್ಲಿಯೂ ಸೆರೆಮನೆಯಲ್ಲಿಯೂ ಮಕಾರ ಉಳಿದಿರುವಾಗ ಇಲ್ಲಿಯೂ ಉಳಿಯಲಿ ಎಂದೆ. ಇನ್ನೊಬ್ಬರಿಗೆ ಅದು ನೆಲಮಾಳಿಗೆಯಂತೆ ಕೇಳಿಸಿತು. ಅತ್ತೆಯವರ ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. “ನೆಲೆ ಅಂದ್ಮೇಲೆ ಒಳಗೆ ಯಾರಾದ್ರೂ ಇರ್ಬೇಕಪ್ಪ. ಒಲೆ ಉರಿಯದ ಮನೆಗೆ ನೆಲೆ ಅಂತೀಯಲ್ಲ” ಎಂದರು. ಕವಿಮನೆಯ ಅಡುಗೆಮನೆಯಲ್ಲಿ ಅವರು ಒಲೆಯ ಮುಂದೆ ಬಗ್ಗಿ ನೋಡಿದ್ದು ನನಗೆ ಆಗ ನೆನಪಾಯಿತು.

ನಿಮ್ಮ ನಿಮ್ಮ ಕಡೆಯಲ್ಲಿ ಇಂತಹ ಮನೆಗೆ ಜನ ಬಾಯಿಮಾತಿನಲ್ಲಿ ಏನೆನ್ನುತ್ತಾರೆ ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ. ಇಲಾಖೆಯ ಫಲಕದ ಮಾತಿಗಿಂತ ಅದೇ ನನಗೆ ಹೆಚ್ಚು ಬೇಕಾದದ್ದು. ಜೊತೆಗೆ ಅಂಕಣದ ಒಂದು ಲೆಕ್ಕವನ್ನೂ ಬಗೆಹರಿಸಿಕೊಡಬೇಕು. ಉದ್ದನೆಯ ಮನೆಯಲ್ಲಿ ಅಂಕಣ ಎಣಿಸುವುದು ಸುಲಭ. ಆದರೆ ನಾಲ್ಕೂ ಕಡೆ ಸಾಲು ತಿರುಗುವ ತೊಟ್ಟಿಮನೆಯಲ್ಲಿ ಮೂಲೆಯ ಅಂಕಣ ಎರಡು ಸಾಲಿಗೂ ಸೇರುತ್ತದೆ. ಅದನ್ನು ಒಂದೇ ಸಲ ಎಣಿಸಬೇಕೆಂದು ಅತ್ತೆಯವರು ಹೇಳುತ್ತಾರೆ. ಪಾಲಿನ ಹೊತ್ತಿಗೆ ಎರಡೂ ಕಡೆಗೆ ಎಣಿಸುತ್ತಿದ್ದರೆಂದು ನಮ್ಮೂರಿನ ಹಳೆಯ ಬಡಗಿಯೊಬ್ಬರು ಹೇಳುತ್ತಾರೆ. ಮಲೆನಾಡಿನ ಮನೆಗಳಲ್ಲಿ ಬೆಳೆದವರು ಯಾವುದು ರೂಢಿಯೆಂದು ಹೇಳಿದರೆ, ಬರಹವನ್ನು ಅಚ್ಚಿಗೆ ಕೊಡುವ ಮೊದಲು ಸರಿಪಡಿಸಿಕೊಳ್ಳುತ್ತೇನೆ.