ಅಡುಗೆಮನೆಯ ಚಾಕು ಮಸೆಯಲು ಕೋನ ಹಿಡಿದಿಡುವ ಸಾಧನ ಬೇಕೇ, ಬರಿಗೈಯಲ್ಲಿ ಕಲ್ಲಿನ ಮೇಲೆ ಮಸೆದರೆ ಸಾಕೇ?

ಒಗ್ಗರಣೆ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ದಿನವೂ ಬಳಕೆಯಲ್ಲಿರುವುದು ಮೂರು ಚಾಕುಗಳು: ಜರ್ಮನ್ ಮಾದರಿಯ 20 ಸೆಂ.ಮೀ. ಉದ್ದದ ಶೆಫ್ ಚಾಕು, ವಿಜಿ-10 ಎಂಬ ಗಡಸು ಉಕ್ಕಿನ 17 ಸೆಂ.ಮೀ. ಸಾಂಟೊಕು ಎಂಬ ಜಪಾನಿ ಚಾಕು, ಸಿಪ್ಪೆ ಹೆರೆಯುವ ಒಂದು ಚಿಕ್ಕ ಚಾಕು. ಇವುಗಳ ಜೊತೆಗೆ ನಮ್ಮ ತಾಯಿಯವರು ಇಂದಿಗೂ ಕೈಬಿಡದ ಈಳಿಗೆಮಣೆಯೂ ಇದೆ. ಸೈಕಲ್ಲಿಗೆ ಸಾಣೆ ಚಕ್ರ ಕಟ್ಟಿಕೊಂಡು ಬರುತ್ತಿದ್ದವರು ಈಗ ನಮ್ಮ ಬಡಾವಣೆಯ ಕಡೆ ಸುಳಿಯುವುದಿಲ್ಲ. ಬಂದರೂ ವಿಜಿ-10ರಂತಹ ಗಡಸು ಉಕ್ಕನ್ನು ಒಣ ಚಕ್ರಕ್ಕೆ ಕೊಡಲು ಮನಸ್ಸು ಒಪ್ಪುವುದಿಲ್ಲ. ಹಾಗಾಗಿ ಮನೆಯಲ್ಲಿಯೇ ಮಸೆಯುವುದನ್ನು ಕಲಿಯಬೇಕೆಂದಿದ್ದೇನೆ.

ನನ್ನ ಮುಂದೆ ಎರಡು ದಾರಿಗಳಿವೆ. ಒಂದು, ಚಾಕುವನ್ನು ಕ್ಲ್ಯಾಂಪಿನಲ್ಲಿ ಬಿಗಿದು, ಸರಳಿಗೆ ಜೋಡಿಸಿದ ಕಲ್ಲನ್ನು ನಿಗದಿತ ಕೋನದಲ್ಲಿ ಅಲಗಿನ ಮೇಲೆ ಆಡಿಸುವ ಸಾಧನ; ಲ್ಯಾನ್‌ಸ್ಕಿ, ಎಡ್ಜ್ ಪ್ರೊ, ವರ್ಕ್ ಶಾರ್ಪ್ ಮುಂತಾದವರು ಮಾಡುವ ಬಗೆಯದು. ಇನ್ನೊಂದು, ಜಪಾನಿ ನೀರುಗಲ್ಲನ್ನು ಕೊಂಡು ಬರಿಗೈಯಲ್ಲಿ ಮಸೆಯುವುದು. ಓದಿದಲ್ಲೆಲ್ಲ ಅಲಗಿಗೂ ಕಲ್ಲಿಗೂ ನಡುವಿನ ಕೋನ ಒಂದೇ ಸಮನಾಗಿರಬೇಕೆಂದು ಒತ್ತಿ ಹೇಳಿರುವುದರಿಂದ, ಅಭ್ಯಾಸವಿಲ್ಲದ ಕೈ ಅಲುಗಾಡಿ ಅಲಗು ಕೆಟ್ಟೀತೇ ಎಂಬ ಶಂಕೆ ಕಾಡುತ್ತಿದೆ. ಎರಡನ್ನೂ ಬಳಸಿ ಬಲ್ಲವರು ದಯವಿಟ್ಟು ತಿಳಿಸಬೇಕು.

ಮಸೆಗಲ್ಲು

ಕೋನಕ್ಕೆ ಅಷ್ಟು ಅಂಜಬೇಕಾಗಿಲ್ಲ. ಅಲಗಿನ ಎರಡೂ ಬದಿಯ ಇಳಿಜಾರುಗಳು ಬಾಯಿಯ ಉದ್ದಕ್ಕೂ ಎಲ್ಲಿಯೂ ತಪ್ಪದೆ ಒಂದನ್ನೊಂದು ಕೂಡಿದರೆ, ಕೂಡಿದ ಮೇಲೆ ಅಲ್ಲಿ ಉಳಿಯುವ ಬರ್ (ಮಸೆದಾಗ ಬಾಯಿಯಂಚಿನಲ್ಲಿ ಏಳುವ ಲೋಹದ ಸಣ್ಣ ಎಳೆ) ಪೂರ್ತಿ ಹೋದರೆ, ಚಾಕು ಹರಿತವಾಯಿತೆಂದೇ ಅರ್ಥ. ಕೋನ 15 ಇರಲಿ, 18 ಇರಲಿ, ಟೊಮೆಟೊ ಹೆಚ್ಚುವಾಗ ಆ ಅಂತರ ಕೈಗೆ ತಿಳಿಯುವುದಿಲ್ಲ. ಮನೆಯಲ್ಲಿ ಮಸೆದ ಚಾಕು ಹರಿತವಾಗಿಲ್ಲವೆಂದು ಯಾರಾದರೂ ಹೇಳಿದರೆ ಬಹುಪಾಲು ಸಂದರ್ಭಗಳಲ್ಲಿ ಒಂದು ಬದಿಯನ್ನು ಬಾಯಿಯವರೆಗೆ ಮುಟ್ಟಿಸಿರುವುದಿಲ್ಲ, ಇಲ್ಲವೇ ಬರ್ ಹಾಗೆಯೇ ಉಳಿದಿರುತ್ತದೆ. ಈ ಎರಡನ್ನೂ ಯಾವ ಕ್ಲ್ಯಾಂಪೂ ನಿಮ್ಮ ಪರವಾಗಿ ನೋಡಿಕೊಳ್ಳುವುದಿಲ್ಲ.

ಕೈಯ ಅಲುಗಾಟದ ಲೆಕ್ಕವನ್ನೂ ನೋಡೋಣ. ನಿಮ್ಮ ಚಾಕುವಿನ ಬಾಯಿಯಿಂದ ಬೆನ್ನಿನವರೆಗಿನ ಅಗಲ 45 ಮಿ.ಮೀ. ಇದೆಯೆಂದುಕೊಂಡರೆ, 15 ಡಿಗ್ರಿ ಕೋನಕ್ಕೆ ಬೆನ್ನನ್ನು ಕಲ್ಲಿನಿಂದ ಸುಮಾರು 12 ಮಿ.ಮೀ. ಎತ್ತಬೇಕು. ಮಸೆಯುವಾಗ ಆ ಎತ್ತರ 10ರಿಂದ 13 ಮಿ.ಮೀ. ನಡುವೆ ಏರಿಳಿದರೂ ಕೋನ ಹೆಚ್ಚುಕಡಿಮೆ 13ರಿಂದ 17 ಡಿಗ್ರಿಯೊಳಗೇ ಇರುತ್ತದೆ. ಅಷ್ಟು ಏರಿಳಿತದಿಂದ ಇಳಿಜಾರು ತುಸು ಉಬ್ಬಾಗುತ್ತದೆ, ಅಡುಗೆಮನೆಯ ಕೆಲಸಕ್ಕೆ ಅದರಿಂದ ತೊಂದರೆಯಿಲ್ಲ. ಆರಂಭದಲ್ಲಿ ಆ ಎತ್ತರದ ಒಂದು ಮರದ ಚೂರನ್ನು ಬೆನ್ನಿನ ಕೆಳಗಿಟ್ಟು ಕೋನವನ್ನು ಕೈಗೆ ಪರಿಚಯ ಮಾಡಿಸಿ, ಮಸೆಯುವಾಗ ಚೂರನ್ನು ತೆಗೆದುಬಿಡಿ. ಇಳಿಜಾರಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿದು ನಾಲ್ಕಾರು ಸಲ ಎಳೆದು ನೋಡಿ. ಬಣ್ಣ ಬೆನ್ನಿನ ಕಡೆ ಮಾತ್ರ ಹೋಗಿದ್ದರೆ ಕೋನ ತಗ್ಗಾಗಿದೆ, ಬಾಯಿಯ ತುತ್ತತುದಿಯಲ್ಲಿ ಮಾತ್ರ ಹೋಗಿದ್ದರೆ ಹೆಚ್ಚಾಗಿದೆ.

ಮುಖ್ಯವಾದ ಪಾಠ ಬೆರಳಿನದು. ಒಂದು ಬದಿಯನ್ನು ಮಸೆಯುತ್ತಿರುವಾಗ ಆಗಾಗ ನಿಲ್ಲಿಸಿ, ಎದುರು ಬದಿಯಲ್ಲಿ ಹೆಬ್ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಹಗುರವಾಗಿ ಜಾರಿಸಿ, ಬಾಯಿಯಿಂದಾಚೆಗೆ ತೆಗೆದುಬಿಡಿ. ಬಾಯಿಯ ಉದ್ದಕ್ಕೆ ಬೆರಳನ್ನು ಎಂದಿಗೂ ಓಡಿಸಬಾರದು. ನುಣುಪಾಗಿದ್ದ ಉಕ್ಕು ಕೊನೆಯಲ್ಲಿ ಚರ್ಮವನ್ನು ಸಣ್ಣಗೆ ಹಿಡಿದಂತಾದರೆ ಅಲ್ಲಿ ಬರ್ ಎದ್ದಿದೆ. ಹಿಡಿಯ ಬುಡದಿಂದ ತುದಿಯವರೆಗೆ ಅದು ಎಲ್ಲೆಡೆ ಸಿಗಬೇಕು. ಸಾಮಾನ್ಯವಾಗಿ ಬುಡದ ಎರಡು ಬೆರಳಗಲ ಮತ್ತು ತುದಿಯ ಬಾಗು ತಡವಾಗಿ ಬರುತ್ತವೆ. ಎಲ್ಲೆಡೆ ಸಿಕ್ಕಿದ ಮೇಲೆಯೇ ಬದಿ ಬದಲಿಸಿ, ಅದೇ ಕೆಲಸವನ್ನು ಇನ್ನೊಂದು ಬದಿಗೂ ಮಾಡಿ. ಅಲ್ಲಿಂದ ಮುಂದೆ ಒತ್ತಡವನ್ನು ಇಳಿಸುತ್ತ, ಚಾಕುವಿನ ಸ್ವಂತ ಭಾರಕ್ಕಿಂತ ತುಸುವೇ ಹೆಚ್ಚು ಎನ್ನುವಷ್ಟಕ್ಕೆ ತಂದು, ಬದಿ ಬದಲಿಸುತ್ತ ಒಂದೊಂದೇ ಎಳೆತ ಎಳೆಯಬೇಕು. ಬರ್ ಈ ಹಗುರ ಎಳೆತಗಳಲ್ಲಿ ಸವೆಯುತ್ತದೆ. ಕೊನೆಗೆ ಕ್ರೋಮಿಯಂ ಆಕ್ಸೈಡ್ ಸವರಿದ ಚರ್ಮದ ಪಟ್ಟಿಯ ಮೇಲೆ ಬಾಯಿಯನ್ನು ಹಿಂದೆ ಬಿಟ್ಟುಕೊಂಡು ಎಳೆದರೆ ಉಳಿದದ್ದೂ ಹೋಗುತ್ತದೆ.

1000 ಗ್ರಿಟ್‌ನ (ಕಲ್ಲಿನ ಕಣದ ಅಳತೆ; ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನುಣುಪು) ಒಂದು ಕಲ್ಲಿದ್ದರೆ ನಿಮ್ಮ ಮೂರೂ ಚಾಕುಗಳಿಗೆ ಸಾಕು. ಶಾಪ್ಟನ್ ಕುರೊಮಾಕು 1000ಕ್ಕೆ ಮೇಲೆ ನೀರು ಚಿಮುಕಿಸಿದರೆ ಆಯಿತು. ಕಿಂಗ್ 1000ವನ್ನು ಗುಳ್ಳೆ ನಿಲ್ಲುವವರೆಗೆ ನೀರಿನಲ್ಲಿ ನೆನೆಸಬೇಕು. ಮೊದಲು ಜರ್ಮನ್ ಚಾಕುವಿನ ಮೇಲೆ ಕೈ ಕುದುರಿಸಿಕೊಂಡು ಆಮೇಲೆ ವಿಜಿ-10ಕ್ಕೆ ಹೋಗಿ.

ಕೋನಮಾಪಕ

ಮಸೆಗಲ್ಲು ಅವರು ಬರ್ ಬಗ್ಗೆ ಬರೆದಿರುವುದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಏರಿಳಿತದಿಂದ ತೊಂದರೆಯಿಲ್ಲವೆಂಬ ಮಾತನ್ನು ಎರಡೂ ಉಕ್ಕುಗಳಿಗೆ ಒಂದೇ ಬಗೆಯಲ್ಲಿ ಅನ್ವಯಿಸುವುದು ಸರಿಯಲ್ಲ. ಜರ್ಮನ್ ಮಾದರಿಯ ಚಾಕುಗಳ ಗಡಸುತನ ರಾಕ್‌ವೆಲ್ ಸಿ ಮಾಪನದಲ್ಲಿ 56ರ ಆಸುಪಾಸಿನಲ್ಲಿರುತ್ತದೆ. ವಿಜಿ-10 ಸಾಮಾನ್ಯವಾಗಿ 60ರ ಸುತ್ತ. ಮೊದಲನೆಯದು ಪೆಟ್ಟು ಬಿದ್ದಾಗ ಮಡಚಿಕೊಳ್ಳುತ್ತದೆ, ಎರಡನೆಯದು ಚಕ್ಕೆ ಏಳುತ್ತದೆ. ಚಕ್ಕೆ ಎದ್ದ ಗಡಸು ಅಲಗನ್ನು ಕೈಯಲ್ಲಿ ಸರಿಪಡಿಸಬೇಕೆಂದರೆ ಬಹಳ ಹೊತ್ತು ಒಂದೇ ಹದದಲ್ಲಿ ಲೋಹವನ್ನು ಸವೆಸಬೇಕಾಗುತ್ತದೆ. ಹೊಸಬರ ಕೈ ದಣಿಯುವುದೂ, ದಣಿದ ಮೇಲೆ ಬೆನ್ನು ತಾನಾಗಿ ಮೇಲೇಳುವುದೂ ಅಲ್ಲಿಯೇ. ಹೀಗೆ ಹೆಚ್ಚು ಲೋಹ ತೆಗೆಯಬೇಕಾದಾಗ, ಅಥವಾ 20 ಡಿಗ್ರಿಯಲ್ಲಿರುವ ಬಾಯಿಯನ್ನು 15ಕ್ಕೆ ಇಳಿಸಬೇಕಾದಾಗ, ಸರಳಿನ ಸಾಧನ ಮಾಡುವ ಉಪಕಾರ ದೊಡ್ಡದು. ಕೈ ನಡುಗುವ ವಯಸ್ಸಿನವರಿಗೂ ನಾನು ಅದನ್ನೇ ಹೇಳುತ್ತೇನೆ.

ಈ ಸಾಧನಗಳ ಬಗ್ಗೆ ಒಂದು ತಪ್ಪು ತಿಳಿವಳಿಕೆ ಎಲ್ಲೆಡೆ ಹಬ್ಬಿದೆ. ಕ್ಲ್ಯಾಂಪಿನಿಂದ ದೂರ ಹೋದಂತೆಲ್ಲ ಸರಳು ಉದ್ದವಾಗುವುದರಿಂದ ಕೋನ ಕಡಿಮೆಯಾಗುತ್ತದೆಂದು ಹೇಳುತ್ತಾರೆ. ಬಾಯಿ ನೇರವಾಗಿರುವಷ್ಟು ದೂರ ಇದು ನಿಜವಲ್ಲ. ಸರಳು ತಿರುಗುವ ಬಿಂದು ಒಂದು, ಅಲಗಿನ ನೇರ ಬಾಯಿ ಒಂದು ರೇಖೆ. ಒಂದು ಬಿಂದು ಮತ್ತು ಒಂದು ರೇಖೆಯ ಮೂಲಕ ಒಂದೇ ಒಂದು ಸಮತಲ ಹಾದುಹೋಗಬಲ್ಲದು. ಕಲ್ಲು ಅಲಗಿನ ಮೇಲೆ ಚಪ್ಪಟೆಯಾಗಿ ಕೂರುವಂತೆ ಸರಳು ತನ್ನ ಸುತ್ತ ತಿರುಗಬಲ್ಲದಾದರೆ, ಅದು ಎಲ್ಲಿದ್ದರೂ ಆ ಸಮತಲದಲ್ಲಿಯೇ ಇರುತ್ತದೆ. ಹೀಗಾಗಿ ನೇರ ಭಾಗದ ಎರಡೂ ಕೊನೆಗಳಲ್ಲಿ ಕೋನ ಒಂದೇ.

ಬದಲಾಗುವುದು ತುದಿಯ ಬಾಗಿನಲ್ಲಿ. ಅಲ್ಲಿ ಪ್ರತಿ ಬಿಂದುವಿನಲ್ಲಿಯೂ ಸ್ಪರ್ಶರೇಖೆಯ ದಿಕ್ಕು ಬೇರೆಯಾಗಿರುತ್ತದೆ, ತಿರುಗುವ ಬಿಂದುವಿನಿಂದ ಆ ರೇಖೆಗೆ ಇರುವ ಲಂಬ ದೂರವೂ ಬೇರೆಯಾಗುತ್ತದೆ. ಆ ದೂರ ಹೆಚ್ಚಿದರೆ ಕೋನ ತಗ್ಗುತ್ತದೆ, ದೂರ ತಗ್ಗಿದರೆ ಕೋನ ಹೆಚ್ಚುತ್ತದೆ. ಕ್ಲ್ಯಾಂಪನ್ನು ತುದಿಗೆ ತೀರಾ ಹತ್ತಿರ ಬಿಗಿದರೆ ತುದಿಯಲ್ಲಿ ಕೋನ ದಪ್ಪವಾಗುತ್ತದೆ. ತೀರಾ ಹಿಂದೆ ಬಿಗಿದರೆ ತುದಿ ತೆಳುವಾಗಿ ಅಲ್ಲಿನ ಇಳಿಜಾರು ಅಗಲವಾಗಿ ಕಾಣುತ್ತದೆ. ಮಾರ್ಕರ್ ಬಳಿದು, ಬುಡದಲ್ಲಿಯೂ ಬಾಗಿನಲ್ಲಿಯೂ ಬಣ್ಣ ಒಂದೇ ರೀತಿ ಹೋಗುವ ಜಾಗವನ್ನು ಹುಡುಕಿ, ಆ ಜಾಗವನ್ನು ಬೆನ್ನಿನ ಮೇಲೆ ಟೇಪಿನಿಂದ ಗುರುತಿಸಿಕೊಳ್ಳಿ. ಮುಂದಿನ ಸಲ ಅಲ್ಲಿಯೇ ಬಿಗಿಯದಿದ್ದರೆ ನಿಖರತೆಗೆಂದು ಕೊಟ್ಟ ಹಣ ವ್ಯರ್ಥ. ಕಲ್ಲು ಬದಲಿಸುವಾಗ ದಪ್ಪವನ್ನೂ ಗಮನಿಸಿ. ತಿರುಗುವ ಬಿಂದು ಬಾಯಿಯಿಂದ 150 ಮಿ.ಮೀ. ದೂರದಲ್ಲಿದ್ದರೆ, ಕಲ್ಲಿನ ದಪ್ಪದಲ್ಲಿ 1 ಮಿ.ಮೀ. ವ್ಯತ್ಯಾಸವಾದಾಗ ಕೋನ ಸುಮಾರು 0.4 ಡಿಗ್ರಿ ಬದಲಾಗುತ್ತದೆ. ನುಣುಪು ಕಲ್ಲು ಬಾಯಿಯನ್ನು ಮುಟ್ಟದೆ ಬರೀ ಹಿಂಭಾಗವನ್ನು ಹೊಳೆಯಿಸುವುದಕ್ಕೆ ಅಷ್ಟೇ ಸಾಕು.

ಶೆಫ್ ಚಾಕು 20 ಸೆಂ.ಮೀ. ಇರುವುದರಿಂದ, ಒಂದೇ ಕ್ಲ್ಯಾಂಪಿನ ಚಿಕ್ಕ ಸಾಧನವನ್ನು ನಾನು ನಿಮಗೆ ಸೂಚಿಸುವುದಿಲ್ಲ. ಅಲಗು ಎರಡೂ ಕಡೆ ಬಾಗಿ ಆಡುತ್ತದೆ. ಎಡ್ಜ್ ಪ್ರೊ ಮಾದರಿಯಲ್ಲಿ ಚಾಕುವನ್ನು ಮೇಜಿನ ಮೇಲೆ ಸರಿಸುತ್ತ ಹೋಗಬಹುದಾದ್ದರಿಂದ ಉದ್ದ ಅಡ್ಡಿಯಾಗುವುದಿಲ್ಲ.

ಅಡಕೆ ತೋಟ (ಶಿರಸಿ ಸೀಮೆ)

ಈಳಿಗೆಮಣೆಯ ವಿಷಯವನ್ನು ಇದುವರೆಗೆ ಯಾರೂ ಮುಟ್ಟಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಮಣೆಗೆ ಕೂತಿರುವ ಬಾಗಿದ ಅಲಗನ್ನು ಯಾವ ಕ್ಲ್ಯಾಂಪೂ ಹಿಡಿಯುವುದಿಲ್ಲ. ನಮ್ಮಲ್ಲಿ ಅಡಕೆ ಸುಲಿಯುವ ಮೆಟ್ಟುಗತ್ತಿಗೂ ಇದೇ ಮಾತು. ಇಂಥ ಕಡೆ ಅಲಗು ನಿಂತಲ್ಲೇ ನಿಲ್ಲುತ್ತದೆ, ಕಲ್ಲೇ ಕೈಯಲ್ಲಿ ಆಡಬೇಕು. ಮಣೆಯನ್ನು ಕಾಲಿನಿಂದ ಒತ್ತಿ ಹಿಡಿದು, ಬೆರಳುಗಳು ಕಲ್ಲಿನ ಬೆನ್ನಿನ ಮೇಲೆಯೇ ಇರುವಂತೆ, ಅಂಚಿನಿಂದ ಕೆಳಗಿಳಿಯದಂತೆ ನೋಡಿಕೊಂಡು, ಅಲಗಿನ ಬುಡದಿಂದ ಮೂತಿಯವರೆಗೆ ಬಾಗನ್ನು ಅನುಸರಿಸುತ್ತ ಸಣ್ಣ ಸಣ್ಣ ಸುತ್ತುಗಳಲ್ಲಿ ಹೋಗಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎರಡು ಮುಖದ ಕಾರ್ಬೊರಂಡಮ್ ಕಲ್ಲಿನ ನುಣುಪು ಮುಖ ಇದಕ್ಕೆ ಧಾರಾಳವಾಯಿತು. ಕುಲುಮೆಯಲ್ಲಿ ಲಾರಿ ಪಟ್ಟೆಯಿಂದ ಬಡಿದು ಮಾಡಿದ ಕತ್ತಿಗಳು ಅಷ್ಟು ಗಡಸಾಗಿರುವುದಿಲ್ಲವಾದ್ದರಿಂದ ಅವಕ್ಕೆ ಮೊದಲು ಅರ ಹಾಕಿ ಆಮೇಲೆ ಕಲ್ಲು ಹಿಡಿಯುವುದು ವಾಡಿಕೆ.

ಹಲಸಿನ ಮೇಣ ಹತ್ತಿದ ಅಲಗನ್ನು ಹಾಗೆಯೇ ಮಸೆಯಲು ಹೋಗಬೇಡಿ, ಕಲ್ಲಿನ ರಂಧ್ರಗಳು ಮುಚ್ಚಿಹೋಗುತ್ತವೆ. ಕೊಬ್ಬರಿ ಎಣ್ಣೆಯಿಂದ ಮೇಣ ಬಿಡಿಸಿ, ಸೋಪಿನಿಂದ ಎಣ್ಣೆ ತೆಗೆದು, ಆಮೇಲೆ ಕಲ್ಲಿಗೆ ಕೊಡಿ. ಮನೆಯಲ್ಲಿ ಈಳಿಗೆ ಇದ್ದ ಮೇಲೆ ಹೇಗಿದ್ದರೂ ಕೈಯಲ್ಲಿ ಮಸೆಯುವುದನ್ನು ಕಲಿಯಲೇಬೇಕು. ಕಲಿತ ಕೈ ಚಾಕುವಿಗೂ ಒದಗುತ್ತದೆ.

ಮರಗೆಲಸ

ಬಡಗಿ ಕೆಲಸದ ಕಡೆಯಿಂದ ಒಂದು ಮಾತು. ಉಳಿಗೆ ನಾನು ಯಾವಾಗಲೂ ಗೈಡ್, ಅಂದರೆ ಉಳಿಯನ್ನು ಒಂದೇ ಕೋನದಲ್ಲಿ ಹಿಡಿದಿಡುವ ಸಾಧನ, ಬಳಸುತ್ತೇನೆ. ಎಕ್ಲಿಪ್ಸ್ ಮಾದರಿಯ ಗೈಡಿನಲ್ಲಿ ಉಳಿಯನ್ನು 30 ಮಿ.ಮೀ. ಮುಂದೆ ಚಾಚಿ ಬಿಗಿದರೆ 30 ಡಿಗ್ರಿ, 40 ಮಿ.ಮೀ. ಚಾಚಿದರೆ 25 ಡಿಗ್ರಿ ಬರುತ್ತದೆ. ಒಂದು ಹಲಗೆಯ ಮೇಲೆ ಈ ಅಳತೆಗಳಿಗೆ ತಡೆ ಹೊಡೆದುಕೊಂಡರೆ ಹೊಂದಿಸುವ ಕೆಲಸವೇ ಇಲ್ಲ. ಆದರೆ ಉಳಿಯ ಬಾಯಿ ನೇರ ಮತ್ತು ಚಿಕ್ಕದು, ಅದಕ್ಕೆ ಮಸೆಯುವ ಇಳಿಜಾರು ಒಂದೇ ಬದಿಗೆ. ಗೈಡ್ ಅಷ್ಟು ಚೆನ್ನಾಗಿ ಒದಗುವುದು ಅದರಿಂದಲೇ. ಎರಡು ಬದಿಯ, ಬಾಗಿದ, ಉದ್ದನೆಯ ಚಾಕುವಿಗೆ ನಾನೂ ಬರಿಗೈಯನ್ನೇ ನಂಬುತ್ತೇನೆ.

ಒಗ್ಗರಣೆ (ಬೆಂಗಳೂರು)

ಎಲ್ಲರಿಗೂ ಕೃತಜ್ಞತೆಗಳು. 1000ದ ಕಲ್ಲನ್ನೇ ತರಿಸುವುದೆಂದು ನಿರ್ಧರಿಸಿದ್ದೇನೆ. ಉಳಿದಿರುವ ಸಂದೇಹಗಳು ಎರಡು. ನೀರುಗಲ್ಲು ನಡುವೆ ತಗ್ಗು ಬೀಳುತ್ತದೆಂದು ಕೇಳಿದ್ದೇನೆ. ಅದನ್ನು ಸಮ ಮಾಡುವುದು ಹೇಗೆ? ಹಾಗೆಯೇ ಜರ್ಮನ್ ಚಾಕು ಮಸೆದು ಮಸೆದು ಬಾಯಿಯ ಹಿಂಭಾಗ ದಪ್ಪವಾಗಿರುವಂತೆ ತೋರುತ್ತದೆ. ಕ್ಯಾರೆಟ್ ಹೆಚ್ಚುವಾಗ ಅದು ಕತ್ತರಿಸುವ ಬದಲು ಸೀಳುತ್ತದೆ. ಇದಕ್ಕೆ ಪರಿಹಾರವಿದೆಯೇ?

ಮಸೆಗಲ್ಲು

ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಕಲ್ಲನ್ನೇ ಆರಿಸಿಕೊಂಡಿದ್ದರ ದೊಡ್ಡ ಲಾಭ ನಿಮಗೆ ಅಲ್ಲಿ ಸಿಗುತ್ತದೆ. ಅಲಗು ಬೆನ್ನಿನ ಕಡೆ ದಪ್ಪ, ಬಾಯಿಯ ಕಡೆ ತೆಳು. ಪ್ರತಿ ಸಲ ಮಸೆದಾಗಲೂ ಬಾಯಿ ಸ್ವಲ್ಪ ಸ್ವಲ್ಪವಾಗಿ ದಪ್ಪದ ಕಡೆಗೆ ಏರುತ್ತದೆ. ಹಾಗಾಗಿ ಕಾಗದ ಕತ್ತರಿಸುವಷ್ಟು ಹರಿತವಿದ್ದರೂ ಕ್ಯಾರೆಟ್ ಸೀಳುತ್ತದೆ. ಇದಕ್ಕೆ ಬಾಯಿಯ ಹಿಂಭಾಗವನ್ನು ತೆಳು ಮಾಡಬೇಕು. ಚಾಕುವನ್ನು ಕಲ್ಲಿನ ಮೇಲೆ ಬಹುತೇಕ ಮಲಗಿಸಿ, ಬೆನ್ನನ್ನು 4ರಿಂದ 5 ಮಿ.ಮೀ. ಮಾತ್ರ ಎತ್ತಿ, ಅಂದರೆ 5ರಿಂದ 6 ಡಿಗ್ರಿಯಲ್ಲಿ, ಬೆರಳುಗಳ ಒತ್ತಡವನ್ನು ಬಾಯಿಗಿಂತ ತುಸು ಹಿಂದೆ ಇಟ್ಟು ಎರಡೂ ಬದಿಗಳನ್ನು ಸಮನಾಗಿ ಸವೆಸಿ. 1000ದ ಕಲ್ಲಿನಲ್ಲಿ ಇದು ಬಹಳ ನಿಧಾನವಾದೀತು, 220ರಿಂದ 400ರೊಳಗಿನ ಒರಟು ಕಲ್ಲು ಇದ್ದರೆ ಒಳ್ಳೆಯದು. ಸರಳಿನ ಸಾಧನಗಳಲ್ಲಿ ಇಷ್ಟು ತಗ್ಗಿನ ಕೋನಕ್ಕೆ ಇಳಿಯುವಷ್ಟರಲ್ಲಿ ಕಲ್ಲು ಕ್ಲ್ಯಾಂಪಿಗೋ ಮೇಜಿಗೋ ತಗಲುತ್ತದೆ. ಕೋನಮಾಪಕ ಅವರೂ ಇದನ್ನು ಒಪ್ಪುವರೆಂದುಕೊಂಡಿದ್ದೇನೆ. ತೆಳು ಮಾಡಿದ ಮೇಲೆ ಅಲಗಿನ ಮೇಲೆ ಗೀರುಗಳು ಉಳಿಯುತ್ತವೆ, ಅವುಗಳಿಂದ ಹೆಚ್ಚುವುದಕ್ಕೆ ತೊಡಕಿಲ್ಲ.

ಕಲ್ಲನ್ನು ಸಮ ಮಾಡಲು ಮೇಲ್ಮೈಯ ತುಂಬ ಪೆನ್ಸಿಲಿನಿಂದ ಅಡ್ಡ ಉದ್ದ ಗೆರೆ ಎಳೆಯಿರಿ. ದಪ್ಪ ಗಾಜಿನ ಮೇಲೆ 220ರ ವಾಟರ್ ಪೇಪರ್ ಹಾಸಿ, ನೀರು ಬಿಟ್ಟು, ಕಲ್ಲನ್ನು ಮಗುಚಿ ಎಲ್ಲ ದಿಕ್ಕಿಗೂ ಉಜ್ಜಿ. ಅಂಚಿನ ಗೆರೆಗಳು ಮೊದಲು ಹೋಗುತ್ತವೆ, ನಡುವಿನವು ಉಳಿದುಕೊಂಡರೆ ಅಲ್ಲಿಯೇ ತಗ್ಗು ಇದೆ. ಕೊನೆಯ ಗೆರೆ ಹೋದಾಗ ನಿಲ್ಲಿಸಿ, ಕಲ್ಲಿನ ಚೂಪು ಅಂಚುಗಳನ್ನು ಅದೇ ಕಾಗದದ ಮೇಲೆ ಮೊಂಡು ಮಾಡಿ. ಮಸೆಯುವಾಗ ಕಲ್ಲಿನ ಪೂರ್ತಿ ಉದ್ದವನ್ನು ಬಳಸುತ್ತ, ಆಗಾಗ ಕಲ್ಲನ್ನು ತಿರುಗಿಸಿಡುತ್ತ ಬಂದರೆ ಈ ಕೆಲಸ ಅಪರೂಪವಾಗುತ್ತದೆ. ಬಳಸಿದ ಕಲ್ಲನ್ನು ನೆರಳಿನಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಕೆಲವು ಕಲ್ಲುಗಳು ಬಿರುಕು ಬಿಡುತ್ತವೆ.